ವೇದಿಕೆಗೂ ಒಂದು ಇಳಿಜಾರು



ಟೆಲಿವಿಷನ್ ಪರದೆಯ ಮೇಲೆ ಒಬ್ಬರು ಕುಳಿತು ಮಾತನಾಡುತ್ತಿರುವುದನ್ನು ನೀವು ನೋಡುತ್ತೀರಿ. ಅವರ ಮುಖ ಕಾಣುತ್ತದೆ, ಮಾತು ಕೇಳುತ್ತದೆ, ಪಕ್ಕದಲ್ಲಿ ಒಂದು ಹೂಕುಂಡವೂ ಇರುತ್ತದೆ. ಆದರೆ ಅವರು ಆ ಜಾಗಕ್ಕೆ ಬಂದು ತಲುಪಿದ್ದು ಹೇಗೆ ಎಂಬುದು ನಿಮಗೆ ಕಾಣುವುದಿಲ್ಲ. ಅದನ್ನು ತೋರಿಸುವ ವಾಡಿಕೆ ನಮ್ಮಲ್ಲಿಲ್ಲ. ಈ ದಿನ ನಾನು ಮಾತನಾಡಬೇಕೆಂದಿರುವುದು ಆ ಕಾಣದ ಭಾಗವನ್ನು ಕುರಿತು.

ಕೆಲವು ವರ್ಷಗಳ ಹಿಂದೆ ಜಿಲ್ಲಾ ಕೇಂದ್ರವೊಂದರ ಸಭಾಂಗಣದಲ್ಲಿ, ಪ್ರೌಢಶಾಲಾ ಮಕ್ಕಳ ಎದುರಿಗೆ ಗಣಿತದ ಉಪನ್ಯಾಸವೊಂದನ್ನು ಚಿತ್ರೀಕರಿಸುವ ಕೆಲಸ ನನ್ನ ಪಾಲಿಗೆ ಬಂತು. ಉಪನ್ಯಾಸಕರು ಆ ಕಡೆಯ ಹೆಸರುವಾಸಿ ಗಣಿತದ ಮೇಷ್ಟರು. ಬಾಲ್ಯದಲ್ಲಿ ಪೋಲಿಯೊ ಬಂದು ಎರಡು ಕಾಲುಗಳ ಬಲವೂ ಹೋಗಿತ್ತು, ಗಾಲಿಕುರ್ಚಿಯಲ್ಲಿ ಓಡಾಡುವವರು. ನಾನು ಎರಡು ದಿನ ಮೊದಲೇ ಹೋಗಿ ಸಭಾಂಗಣವನ್ನು ನೋಡಿ ಬಂದಿದ್ದೆ. ದೀಪಗಳಿಗೆ ಬೇಕಾದ ವಿದ್ಯುತ್ ಎಷ್ಟು, ಜನರೇಟರ್ ಎಲ್ಲಿಡಬೇಕು, ಹಿಂದಿನ ಪರದೆಯ ಬಣ್ಣ ಕ್ಯಾಮೆರಾಕ್ಕೆ ಹೊಂದುತ್ತದೆಯೆ, ಎಲ್ಲವನ್ನೂ ಪರೀಕ್ಷಿಸಿ ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಮೆಟ್ಟಿಲುಗಳನ್ನು ಮಾತ್ರ ಎಣಿಸಿರಲಿಲ್ಲ.

ಬಾಗಿಲಿಗೆ ಮೂರು ಮೆಟ್ಟಿಲು. ಒಳಗೆ ವೇದಿಕೆಗೆ ಏಳು. ಮೇಷ್ಟರು ಬಂದಾಗ ಸಭಾಂಗಣದ ಇಬ್ಬರು ಸಿಬ್ಬಂದಿ, ನಮ್ಮ ದೀಪದ ಹುಡುಗರಿಬ್ಬರು ಸೇರಿ ಕುರ್ಚಿಯ ಸಮೇತ ಅವರನ್ನು ಎತ್ತಿಕೊಂಡರು. "ಹೆದರಬೇಡಿ ಮೇಷ್ಟ್ರೆ, ನಾವಿದ್ದೇವೆ" ಎಂದು ಒಬ್ಬ ಹೇಳುತ್ತಲೇ ಇದ್ದ. ವೇದಿಕೆಯ ಐದನೆಯ ಮೆಟ್ಟಿಲಿನಲ್ಲಿ ಒಬ್ಬನ ಕಾಲು ಜಾರಿ ಕುರ್ಚಿ ವಾಲಿತು. ಮೇಷ್ಟರು ಪಕ್ಕದವನ ಹೆಗಲನ್ನು ಬಿಗಿಯಾಗಿ ಹಿಡಿದುಕೊಂಡರು. ಹೇಗೋ ಮೇಲೆ ತಲುಪಿದರು. ಮಕ್ಕಳು ಚಪ್ಪಾಳೆ ತಟ್ಟಿದರು.

ಉಪನ್ಯಾಸ ಮುಗಿದ ಮೇಲೆ ಚಹಾ ತರಿಸಿದೆ. ಅವರು ಬೇಡವೆಂದರು. ಒತ್ತಾಯ ಮಾಡಿದಾಗ ದನಿ ತಗ್ಗಿಸಿ ಹೇಳಿದರು: "ಬೆಳಿಗ್ಗೆಯಿಂದ ನೀರೂ ಕುಡಿದಿಲ್ಲ ಸಾರ್. ಇಲ್ಲಿನ ಶೌಚಾಲಯದ ಬಾಗಿಲಲ್ಲಿ ನನ್ನ ಕುರ್ಚಿ ಹಿಡಿಸೋದಿಲ್ಲ. ಹೊರಗಡೆ ಹೋಗೋ ದಿನ ನಾನು ಹೀಗೇ ಇರೋದು." ಸ್ವಲ್ಪ ಹೊತ್ತು ಬಿಟ್ಟು ನಗುತ್ತಾ ಸೇರಿಸಿದರು: "ಉತ್ಸವಮೂರ್ತೀನ ಹೊತ್ತ ಹಾಗೆ ಹೊತ್ತು ತಂದಿರಿ. ಮೂರ್ತಿ ಆಮೇಲೆ ಪಾಠ ಮಾಡಬೇಕಾಗಿಲ್ಲ ನೋಡಿ. ನಾನು ಮಾಡಬೇಕಲ್ಲ. ಮೊದಲ ಐದು ನಿಮಿಷ ಏನು ಹೇಳಿದೆನೋ ನನಗೇ ನೆನಪಿಲ್ಲ."

ಸಂಕಲನದ ಕೋಣೆಯಲ್ಲಿ ಆ ಐದು ನಿಮಿಷಗಳನ್ನು ನಾನೇ ಕತ್ತರಿಸಿದೆ. ಪ್ರಸಾರವಾದ ಕಾರ್ಯಕ್ರಮದಲ್ಲಿ ಯಾವ ಕೊರತೆಯೂ ಕಾಣಲಿಲ್ಲ.

ನಾನು ಭೌತಶಾಸ್ತ್ರ ಓದಿ ಪದವಿ ಪಡೆದವನು. ಇಳಿಜಾರು ಎಂಬುದು ಸರಳ ಯಂತ್ರಗಳಲ್ಲಿ ಒಂದು ಎಂದು ನಿಮ್ಮಂತೆಯೇ ಪಾಠ ಓದಿ, ಚಿತ್ರ ಬರೆದು, ಅಂಕ ತೆಗೆದುಕೊಂಡವನು. ಆ ಪಾಠದಲ್ಲಿ ಒಂದು ಮರದ ತುಂಡೋ ಪೀಪಾಯಿಯೋ ಇಳಿಜಾರನ್ನು ಏರುತ್ತಿತ್ತೇ ಹೊರತು ಮನುಷ್ಯ ಏರುತ್ತಿರಲಿಲ್ಲ. ಈಗ ಲೆಕ್ಕ ಹಾಕೋಣ. ಗಾಲಿಕುರ್ಚಿ ಮತ್ತು ಅದರಲ್ಲಿ ಕುಳಿತವರ ತೂಕ ಸೇರಿ 84 ಕಿಲೋ ಎಂದುಕೊಳ್ಳಿ. ಹನ್ನೆರಡು ಅಡಿ ಮುಂದೆ ಹೋದರೆ ಒಂದು ಅಡಿ ಏರುವ ಇಳಿಜಾರಿನಲ್ಲಿ, ಘರ್ಷಣೆಯನ್ನು ಬಿಟ್ಟರೆ, ತಳ್ಳಬೇಕಾದ್ದು ಸುಮಾರು 7 ಕಿಲೋ ಭಾರದಷ್ಟು. ತೋಳಿನಲ್ಲಿ ಬಲವಿರುವವರು ತಾವೇ ಚಕ್ರ ತಿರುಗಿಸಿಕೊಂಡು ಹೋಗಬಹುದು. ನಾಲ್ಕು ಅಡಿಗೆ ಒಂದು ಅಡಿ ಏರುವ ಇಳಿಜಾರಾದರೆ ಅದೇ ಬಲ 20 ಕಿಲೋ ದಾಟುತ್ತದೆ; ಕುರ್ಚಿ ಹಿಂದಕ್ಕೆ ಮಗುಚುವ ಅಪಾಯವೂ ಉಂಟು. ಒಂದಕ್ಕೆ ಹನ್ನೆರಡು ಎಂಬ ಅಳತೆಯನ್ನು ಕಟ್ಟಡಗಳ ಮಾರ್ಗಸೂಚಿಗಳಲ್ಲಿ ಗರಿಷ್ಠ ಮಿತಿಯಾಗಿ ಇಟ್ಟಿರುವುದು ಈ ಕಾರಣಕ್ಕೆ. 15 ಸೆಂಟಿಮೀಟರ್ ಎತ್ತರದ ಮೂರು ಮೆಟ್ಟಿಲಿಗೆ 5.4 ಮೀಟರ್ ಉದ್ದದ ಇಳಿಜಾರು ಬೇಕು. ನಿಮ್ಮ ಊರಿನ ಕಟ್ಟಡಗಳ ಮುಂದೆ ಇರುವುದನ್ನು ಒಮ್ಮೆ ಅಳೆದು ನೋಡಿ. ಅವುಗಳಲ್ಲಿ ಎಷ್ಟೋ ಸ್ಕೂಟರ್ ಹತ್ತಿಸುವುದಕ್ಕೆ ಸರಿ, ಗಾಲಿಕುರ್ಚಿಗೆ ಆಗದು.

ಕಾನೂನು ಇಲ್ಲವೆ? ಇದೆ. 1995ರಲ್ಲಿ ಒಂದು ಕಾಯಿದೆ ಬಂತು. ಅದರಲ್ಲಿ ಏಳು ಬಗೆಯ ವೈಕಲ್ಯಗಳನ್ನು ಹೇಳಿತ್ತು. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಒಡಂಬಡಿಕೆಗೆ ಭಾರತ ಮರುವರ್ಷ ಅಂಗೀಕಾರ ನೀಡಿತು. ಆ ಬಳಿಕ ಬಂದ 2016ರ ಕಾಯಿದೆ ಇಪ್ಪತ್ತೊಂದು ಬಗೆಗಳನ್ನು ಗುರುತಿಸಿ, ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾರ್ಪಡಿಸಲು ನಿಯಮಗಳು ಬಂದಂದಿನಿಂದ ಐದು ವರ್ಷ ಕೊಟ್ಟಿತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದು ವರ್ಷಗಳೇ ಆದವು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಇಂಥ ಅಳತೆಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ತೀರ್ಪು ಕೊಡಬೇಕಾಯಿತು. 2011ರ ಜನಗಣತಿ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಲೆಕ್ಕ ಹಾಕಿತ್ತು. ಅದು ಹಳೆಯ ಪಟ್ಟಿಯ ಕಾಲದ ಎಣಿಕೆ. ಈಗಿನ ಇಪ್ಪತ್ತೊಂದು ಬಗೆಗಳನ್ನು ಹಿಡಿದು ಎಣಿಸಿದ್ದಲ್ಲ.

ಹೆಸರಿನ ಬಗ್ಗೆ ಒಂದು ಮಾತು. ನನ್ನ ಶಾಲಾದಿನಗಳಲ್ಲಿ 'ಅಂಗವಿಕಲ' ಎನ್ನುತ್ತಿದ್ದರು. ಆಮೇಲೆ 'ವಿಕಲಚೇತನ' ಬಂತು, 'ವಿಶೇಷಚೇತನ' ಬಂತು, 'ದಿವ್ಯಾಂಗ' ಬಂತು. ಒಳ್ಳೆಯ ಮಾತು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲ ಮೇಲಿನ ಫಲಕ ನಾಲ್ಕು ಸಲ ಬದಲಾಗಿ, ಕೆಳಗಿನ ಮೂರು ಮೆಟ್ಟಿಲು ಹಾಗೆಯೇ ಉಳಿದರೆ ಒಳಗೆ ಬರಬೇಕಾದವರಿಗೆ ಏನು ಸಿಕ್ಕಿತು?

ನಾನು ಹೇಳಿದ ಸಭಾಂಗಣದ ಆಡಳಿತದವರಿಗೆ ನಾವು ಪತ್ರ ಬರೆದೆವು. ಅವರು ಸಜ್ಜನರು. ಒಂದೂವರೆ ವರ್ಷದಲ್ಲಿ ಬಾಗಿಲಿಗೆ ಅಳತೆಬದ್ಧವಾದ ಇಳಿಜಾರು, ಎರಡೂ ಕಡೆ ಕಂಬಿ, ಅಗಲ ಬಾಗಿಲಿನ ಒಂದು ಶೌಚಾಲಯ ಸಿದ್ಧವಾದವು. ಸಂತೋಷದಿಂದ ನೋಡಲು ಹೋದೆ. ಇಳಿಜಾರು ಏರಿ ಒಳಗೆ ಹೋದರೆ ಪ್ರೇಕ್ಷಕರ ಸಾಲಿನಲ್ಲಿ ಗಾಲಿಕುರ್ಚಿಗೆಂದು ಜಾಗ ಬಿಟ್ಟಿದ್ದರು. ವೇದಿಕೆಯ ಏಳು ಮೆಟ್ಟಿಲು ಮಾತ್ರ ಇದ್ದ ಹಾಗೇ ಇದ್ದವು. ಕಾರ್ಯದರ್ಶಿಗಳನ್ನು ಕೇಳಿದೆ. ಅವರು ನಿಜವಾಗಿ ಆಶ್ಚರ್ಯಪಟ್ಟರು: "ವೇದಿಕೆಗೆ ಯಾಕೆ? ಅವರು ಕುಳಿತು ನೋಡೋದಕ್ಕೆ ವ್ಯವಸ್ಥೆ ಮಾಡಿದೀವಲ್ಲ!"

ಮಿತ್ರರೆ, ಆ ಪ್ರಶ್ನೆಯಲ್ಲಿ ಕೆಡುಕಿರಲಿಲ್ಲ. ಆದರೆ ನಮ್ಮೆಲ್ಲರ ಮನಸ್ಸಿನ ನಕ್ಷೆ ಅದರಲ್ಲಿತ್ತು. ಅಂಗವೈಕಲ್ಯವುಳ್ಳವರು ನಮ್ಮ ಸಮಾರಂಭಕ್ಕೆ ಬರಬಹುದು, ಕೂರಬಹುದು, ನೋಡಬಹುದು, ವೇದಿಕೆಯವರು ಕೊಟ್ಟಿದ್ದನ್ನು ಪಡೆಯಬಹುದು. ಮಾತನಾಡುವವರು, ತೀರ್ಮಾನಿಸುವವರು, ಕಲಿಸುವವರು ಅವರಲ್ಲೂ ಇರಬಹುದೆಂಬುದು ಮಾತ್ರ ನಮಗೆ ತಟ್ಟನೆ ಹೊಳೆಯುವುದಿಲ್ಲ. ಸಮುದಾಯದ ಬದುಕಿನಲ್ಲಿ ಭಾಗವಹಿಸುವುದು ಎಂದರೆ ಪ್ರೇಕ್ಷಕರ ಸಾಲಿನಲ್ಲಿ ಜಾಗ ಸಿಗುವುದಷ್ಟೇ ಎಂದು ನಾವು ತಿಳಿದಿದ್ದೇವೆ.

ಹಾಗೆ ತಿಳಿಯುವುದಕ್ಕೆ ನಮ್ಮ ನಾಡಿನಲ್ಲಿಯಂತೂ ಕಾರಣವಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ನೀವು ಕೇಳಿರುತ್ತೀರಿ. ಪಂಚಾಕ್ಷರ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳಿಗೂ ಕಾಣುತ್ತಿರಲಿಲ್ಲ. 1914ರಲ್ಲಿ ಹುಟ್ಟಿ 2010ರವರೆಗೆ ಬದುಕಿದ ಪುಟ್ಟರಾಜರು ಹಾಡಿದರು, ವಾದ್ಯಗಳನ್ನು ನುಡಿಸಿದರು, ನಾಟಕಗಳನ್ನು ಬರೆದರು, ನಾಟಕ ಕಂಪನಿಯನ್ನೇ ನಡೆಸಿದರು. ಅಲ್ಲಿ ಕಲಿತ ಅಂಧ ಹುಡುಗರು ಸಂಗೀತದ ಮೇಷ್ಟರಾಗಿ, ಕೀರ್ತನಕಾರರಾಗಿ ಊರೂರಿಗೆ ಹೋದರು. ಊರಿನವರು ಕೆಳಗೆ ಕುಳಿತು ಕೇಳಿದರು. ಯಾರು ವೇದಿಕೆಯ ಮೇಲೆ, ಯಾರು ಕೆಳಗೆ ಎಂಬುದನ್ನು ಆ ಆಶ್ರಮ ಬಹಳ ಹಿಂದೆಯೇ ತಿರುಗಿಸಿ ತೋರಿಸಿತು.

ಆಟದ ಮೈದಾನವೂ ಒಂದು ವೇದಿಕೆಯೇ. ಅಂಧರ ಕ್ರಿಕೆಟ್ ನೋಡಿದ್ದೀರಾ? ಚೆಂಡು ಗಟ್ಟಿ ಪ್ಲಾಸ್ಟಿಕ್ಕಿನದು. ಒಳಗೆ ಬೇರಿಂಗ್ ಗುಂಡುಗಳಿರುವುದರಿಂದ ಉರುಳುವಾಗ ಗಿಲಿಗಿಲಿ ಸದ್ದು ಬರುತ್ತದೆ. ಬೌಲರ್ ಕೈಯನ್ನು ಕೆಳಗಿನಿಂದ ಬೀಸಿ ಚೆಂಡನ್ನು ನೆಲಕ್ಕೆ ತಾಗಿದಂತೆ ಬಿಡುತ್ತಾನೆ, ಬಿಡುವ ಮೊದಲು ಬ್ಯಾಟುಗಾರನನ್ನು ಸಿದ್ಧನೆ ಎಂದು ಕೇಳುತ್ತಾನೆ. ಹನ್ನೊಂದು ಜನರಲ್ಲಿ ಕನಿಷ್ಠ ನಾಲ್ವರು ಪೂರ್ತಿ ಕಣ್ಣು ಕಾಣದವರೇ ಇರಬೇಕು. ಅವರು ಹೊಡೆದ ಓಟಗಳನ್ನು ಇಮ್ಮಡಿಯಾಗಿ ಎಣಿಸುತ್ತಾರೆ. ಬೆಳಕು ಮಾಡುತ್ತಿದ್ದ ಕೆಲಸವನ್ನು ಶಬ್ದಕ್ಕೆ ವಹಿಸಿದ್ದಾರೆ, ಅಷ್ಟೇ. ಉಳಿದದ್ದೆಲ್ಲ ಕ್ರಿಕೆಟ್ಟೇ. ಜಗಳವೂ ಸೇರಿ! ಅಂಧರ ಮೊದಲ ಟಿ-20 ವಿಶ್ವಕಪ್ 2012ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಗೆದ್ದ ಭಾರತ ತಂಡದ ನಾಯಕ ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್. 2025ರ ನವೆಂಬರ್‌ನಲ್ಲಿ ಅಂಧ ಮಹಿಳೆಯರ ಮೊದಲ ವಿಶ್ವಕಪ್ಪನ್ನು ಗೆದ್ದ ತಂಡದ ನಾಯಕಿ ದೀಪಿಕಾ ಟಿ.ಸಿ. ಕೂಡ ಕರ್ನಾಟಕದವರೇ. ಈ ಆಟವನ್ನು ನೋಡುವವರಿಗೂ ಒಂದು ಶಿಸ್ತುಂಟು: ಚೆಂಡು ಬರುವಾಗ ಗದ್ದಲ ಮಾಡುವಂತಿಲ್ಲ. ಆಟಗಾರನಿಗೆ ಬೇಕಾದ್ದು ನಮ್ಮ ಮೌನ.

ಸುತ್ತಲಿನವರು ಸ್ವಲ್ಪ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆಯೊಂದಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ತೀರದಲ್ಲಿ ಮಾರ್ಥಾಸ್ ವಿನ್ಯಾರ್ಡ್ ಎಂಬ ದ್ವೀಪ. ವಂಶವಾಹಿಯ ಮೂಲಕ ಬಂದ ಕಿವುಡುತನ ಅಲ್ಲಿ ತಲೆಮಾರುಗಳ ಕಾಲ ಹೆಚ್ಚಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಲ್ಮಾರ್ಕ್ ಎಂಬ ಊರಿನಲ್ಲಿ ಸುಮಾರು 25 ಜನರಿಗೆ ಒಬ್ಬರಿಗೆ ಕಿವಿ ಕೇಳುತ್ತಿರಲಿಲ್ಲ. ಅಲ್ಲಿನವರು ಮಾಡಿದ್ದೇನು? ಕಿವಿ ಕೇಳುವವರೂ ಸಂಜ್ಞಾಭಾಷೆಯನ್ನು ಕಲಿತುಬಿಟ್ಟರು. ಅಂಗಡಿಯಲ್ಲಿ, ಚರ್ಚಿನಲ್ಲಿ, ದೋಣಿಯಿಂದ ದೋಣಿಗೆ ಕೈಯಲ್ಲೇ ಮಾತು. ಕಿವುಡರು ಮೀನು ಹಿಡಿದರು, ಬೇಸಾಯ ಮಾಡಿದರು, ಮದುವೆಯಾದರು, ಊರಿನ ಸಭೆಗಳಲ್ಲಿ ಬೆರೆತರು. ಅಲ್ಲಿನ ಆ ಪರಂಪರೆಯ ಕೊನೆಯ ವ್ಯಕ್ತಿ ತೀರಿಕೊಂಡದ್ದು 1952ರಲ್ಲಿ. ನೋರಾ ಎಲೆನ್ ಗ್ರೋಸ್ ಎಂಬ ಮಾನವಶಾಸ್ತ್ರಜ್ಞೆ ಅಲ್ಲಿನ ವೃದ್ಧರನ್ನು ಮಾತನಾಡಿಸಿ 1985ರಲ್ಲಿ ಪುಸ್ತಕ ಬರೆದರು. ವೃದ್ಧರಿಗೆ ನೆರೆಯವರು ಎಂಥ ಮನುಷ್ಯರು, ಏನು ಕೆಲಸ ಮಾಡುತ್ತಿದ್ದರು ಎಂಬುದು ಚೆನ್ನಾಗಿ ನೆನಪಿತ್ತು. ಅವರಿಗೆ ಕಿವಿ ಕೇಳುತ್ತಿರಲಿಲ್ಲ ಎಂಬುದು ಹೇಳಲೇಬೇಕಾದ ಸಂಗತಿಯೆಂದು ತೋರಿರಲಿಲ್ಲ.

ನಮ್ಮಲ್ಲಿ ಇಡೀ ಊರು ಸಂಜ್ಞಾಭಾಷೆ ಕಲಿಯುವ ದಿನ ದೂರವಿರಬಹುದು. ಒಂದು ತರಗತಿ ಕಲಿಯಬಹುದಲ್ಲವೆ? ಭಾರತೀಯ ಸಂಜ್ಞಾಭಾಷೆಗೆ ದೆಹಲಿಯಲ್ಲಿ 2015ರಲ್ಲಿ ಸ್ಥಾಪನೆಯಾದ ಕೇಂದ್ರವಿದೆ. ಅದು 2018ರಲ್ಲಿ 3,000 ಪದಗಳ ದೃಶ್ಯನಿಘಂಟನ್ನು ಹೊರತಂದಿತು. 2021ರ ವೇಳೆಗೆ ಅದು 10,000 ಪದಗಳಿಗೆ ಬೆಳೆಯಿತು. ನಿಮ್ಮ ಕಾಲೇಜಿನಲ್ಲಿ ಕಿವಿ ಕೇಳದ ಒಬ್ಬ ಸಹಪಾಠಿಯಿದ್ದರೆ ಮೂವತ್ತು ಪದಗಳಿಂದ ಆರಂಭಿಸಿ. ಶ್ರವಣಸಾಧನ ಹಾಕಿಕೊಂಡವರೊಡನೆ ಕೂಗಿ ಮಾತನಾಡುವುದರಿಂದ ಪ್ರಯೋಜನವಿಲ್ಲ. ಆ ಸಾಧನ ನಿಮ್ಮ ಮಾತಿನ ಜೊತೆಗೆ ಫ್ಯಾನಿನ ಸದ್ದನ್ನೂ ಹಿಗ್ಗಿಸುತ್ತದೆ. ಹತ್ತಿರ ಹೋಗಿ. ದೂರ ಇಮ್ಮಡಿಯಾದರೆ ತೆರೆದ ಜಾಗದಲ್ಲಿ ಶಬ್ದದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆಂದು ಓದಿದ್ದೀರಿ. ಇಲ್ಲಿ ಅದು ಕೆಲಸಕ್ಕೆ ಬರುತ್ತದೆ. ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ನಿಂತು ಎಂದಿನ ದನಿಯಲ್ಲಿ ಮಾತನಾಡಿ.

ಇನ್ನೊಂದು ಸಂಗತಿ ಈಗಿನ ಕಾಲದ್ದು. ವಾರ್ಷಿಕೋತ್ಸವದ ಆಹ್ವಾನ ಪತ್ರಿಕೆಯನ್ನು ನೀವು ಮೊಬೈಲಿನಲ್ಲಿ ಚಿತ್ರವಾಗಿ ಕಳಿಸುತ್ತೀರಿ. ಬಣ್ಣ ಬಣ್ಣವಾಗಿರುತ್ತದೆ. ಕಣ್ಣು ಕಾಣದ ನಿಮ್ಮ ಸ್ನೇಹಿತನ ಫೋನಿನಲ್ಲಿ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆಯಿದ್ದರೂ ಅಂಥ ಚಿತ್ರದೊಳಗಿನ ಅಕ್ಷರ ಅದಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಕನ್ನಡದಲ್ಲಿ ಇನ್ನೊಂದು ತೊಡಕು: ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ್ದು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಗಣಕಯಂತ್ರದ ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವಾಗಿಯೇ ಇರುತ್ತದೆ. ಓದುವ ತಂತ್ರಾಂಶ ಅದನ್ನು ಅರ್ಥವಿಲ್ಲದ ಗೋಜಲಾಗಿ ಓದುತ್ತದೆ. ಯೂನಿಕೋಡಿನಲ್ಲಿ ಟೈಪು ಮಾಡಿದರೆ ಈ ತೊಂದರೆಯಿಲ್ಲ. ಚಿತ್ರದ ಕೆಳಗೆ ಯೂನಿಕೋಡಿನಲ್ಲಿ ನಾಲ್ಕು ಸಾಲು ಬರೆಯಲು ನಿಮಗೆ ಎರಡು ನಿಮಿಷ ಸಾಕು. ಅವನು ಸಭೆಗೆ ಬಂದಾಗ ಕೈ ಹಿಡಿದು ಎಳೆದುಕೊಂಡು ಹೋಗಬೇಡಿ. ಸಹಾಯ ಬೇಕೆ ಎಂದು ಕೇಳಿ. ಬೇಕೆಂದರೆ ನಿಮ್ಮ ಮೊಳಕೈಯನ್ನು ಅವನು ಹಿಡಿದುಕೊಳ್ಳಲಿ; ನೀವು ಅರ್ಧ ಹೆಜ್ಜೆ ಮುಂದೆ ನಡೆಯಿರಿ. ನಿಮ್ಮ ಮೈ ಏರಿದ್ದು ಇಳಿದದ್ದು ಅವನ ಕೈಗೆ ತಿಳಿಯುತ್ತದೆ.

ಕೇಳುವುದು ಎಂದೆನಲ್ಲ, ಅದರ ಬಗ್ಗೆ ನಮ್ಮ ಬಡಾವಣೆಯ ಒಂದು ಪ್ರಸಂಗ. ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಯುವಕನೊಬ್ಬ ಪ್ರತಿವರ್ಷ ಗಣೇಶೋತ್ಸವದ ಪೆಂಡಾಲಿಗೆ ಬರುತ್ತಿದ್ದ. ಎಲ್ಲರಿಗಿಂತ ಮೊದಲು ಅವನಿಗೆ ಪ್ರಸಾದ ಕೊಟ್ಟು ಮೂಲೆಯಲ್ಲಿ ಕೂರಿಸುತ್ತಿದ್ದರು. ಒಂದು ವರ್ಷ ಯಾರೋ ಅವನನ್ನೇ "ನೀನೇನು ಮಾಡ್ತೀಯಪ್ಪ?" ಎಂದು ಕೇಳಿದರು. ಚಪ್ಪಲಿ ಕಾಯುತ್ತೇನೆ ಎಂದ. ಅಳತೆಯ ಪ್ರಕಾರ ಸಾಲಾಗಿ ಜೋಡಿಸಿದ; ಯಾರದ್ದು ಯಾವುದು ಎಂಬುದು ಅವನಿಗೆ ಚೀಟಿಯಿಲ್ಲದೆ ನೆನಪಿರುತ್ತಿತ್ತು. ಆ ಸಲ ಒಂದು ಜೊತೆಯೂ ಕಳೆಯಲಿಲ್ಲ. ಮರುವರ್ಷ ಅವನು, ಸಮಿತಿಯ ಸಭೆಗೆ ನನ್ನನ್ನೂ ಕರೆಯಿರಿ ಎಂದ. ಕೆಲವರು ನಕ್ಕರು. ಕರೆದರು. ವಿಸರ್ಜನೆಯ ದಿನ ಧ್ವನಿವರ್ಧಕ ಅಷ್ಟು ಜೋರಾಗಿ ಬೇಡ, ತನಗೆ ತಲೆ ನೋಯುತ್ತದೆ ಎಂದು ಅವನು ಹೇಳಿದ್ದನ್ನು ಕೇಳಿ, ಅಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದ ನಾವು ನಾಲ್ಕಾರು ಮಂದಿ ಹೌದು ಹೌದು ಎಂದೆವು.

ಹಳ್ಳಿಯಿಂದ ಬರುವವರಿಗೆ ಒಂದು ವಿಷಯ. ನಮ್ಮ ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗಾಗಿ ಶೇಕಡಾ 5ರಷ್ಟು ಹಣವನ್ನು ತೆಗೆದಿಡಬೇಕು. ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇರುತ್ತಾರೆ. ಸಾಮಾನ್ಯವಾಗಿ ಅವರೂ ಅಂಗವೈಕಲ್ಯವುಳ್ಳವರೇ. ಆ ಹಣವನ್ನು ಯಾವುದಕ್ಕೆ ಬಳಸಬೇಕೆಂಬ ಮಾತು ಗ್ರಾಮಸಭೆಯಲ್ಲಿ ಬರುತ್ತದೆ. ಆ ಸಭೆ ಎತ್ತರದ ಜಗಲಿಯ ಮೇಲೆ ನಡೆದರೆ, ಯಾರ ಹಣವೋ ಅವರು ಅಂಗಳದಲ್ಲಿ ಉಳಿಯುತ್ತಾರೆ. ನಿಮ್ಮ ಊರಿನಲ್ಲಿ ಸಭೆ ಎಲ್ಲಿ ನಡೆಯುತ್ತದೆ ಎಂದು ಹೋಗಿ ನೋಡಿ ಬನ್ನಿ. ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಒಂದು ಅಳತೆ ಪಟ್ಟಿಯನ್ನೂ ಹಿಡಿದು ಹೊರಟರೆ ಚೆನ್ನ.

ಮೊನ್ನೆ ಅದೇ ಗಣಿತದ ಮೇಷ್ಟರ ಇನ್ನೊಂದು ಉಪನ್ಯಾಸವನ್ನು ಅದೇ ಸಭಾಂಗಣದಲ್ಲಿ ಚಿತ್ರೀಕರಿಸಿದೆವು. ಈ ಸಲ ಮೊದಲು ಅವರಿಗೇ ಫೋನು ಮಾಡಿ ಏನೇನು ಬೇಕು ಎಂದು ಕೇಳಿದೆ. ಅವರು ಕೇಳಿದ್ದು ಎರಡೇ: ಕಪ್ಪುಹಲಗೆ ಎರಡು ಅಡಿ ತಗ್ಗಿನಲ್ಲಿರಲಿ, ಶೌಚಾಲಯದ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಹೇಳಿ. ವೇದಿಕೆಗೆ ಇಳಿಜಾರು ಇನ್ನೂ ಆಗಿರಲಿಲ್ಲವಾದ್ದರಿಂದ ನಾವು ವೇದಿಕೆಯನ್ನೇ ಬಿಟ್ಟೆವು. ಕೆಳಗೆ ನೆಲದ ಮೇಲೆ ಹಲಗೆ ಇಟ್ಟು, ಮಕ್ಕಳನ್ನು ಸುತ್ತ ಕೂರಿಸಿದೆವು. ಕ್ಯಾಮೆರಾದವರು ಸ್ವಲ್ಪ ಗೊಣಗಿದರು. ಮೇಷ್ಟರು ತಾವೇ ಚಕ್ರ ತಿರುಗಿಸಿಕೊಂಡು ಬಂದರು, ಚಹಾ ಕುಡಿದರು, ಸೀಮೆಸುಣ್ಣ ಕೈಗೆ ತೆಗೆದುಕೊಂಡು ಹಿಂದಿನ ವೇದಿಕೆಯತ್ತ ತೋರಿಸಿ ಮೊದಲ ಲೆಕ್ಕ ಕೊಟ್ಟರು: "ಏಳು ಮೆಟ್ಟಿಲು. ಒಂದೊಂದು 15 ಸೆಂಟಿಮೀಟರ್. ಒಂದಕ್ಕೆ ಹನ್ನೆರಡರ ಹಾಗೆ ಇಳಿಜಾರು ಕಟ್ಟಬೇಕು. ಎಷ್ಟು ಉದ್ದ?"

ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು, "12 ಮೀಟರ್ 60 ಸೆಂಟಿಮೀಟರ್ ಸಾರ್" ಎಂದಳು.

"ಲೆಕ್ಕ ಸರಿ. ಆದರೆ ನನಗೆ ಮಧ್ಯದಲ್ಲಿ ಸುಸ್ತಾಗುತ್ತಲ್ಲ ಮರಿ, ಉಸಿರು ತೆಗೆದುಕೊಳ್ಳೋದಕ್ಕೆ ಒಂದೂವರೆ ಮೀಟರ್ ಸಮತಟ್ಟು ಜಾಗ ಬಿಡಬೇಡವೆ? ಅದನ್ನೂ ಸೇರಿಸಿ ಹೇಳು."